ಹಳೆಯ ಮರದ ಚಿತ್ರ: ತೆಗೆಯುವುದು, ಉಳಿಸುವುದು

ನರಸಿಂಹರಾಜಪುರದ ಬದಿಯ ಭದ್ರಾ ಹಿನ್ನೀರಿನ ಆಚೆಗೆ ಹಬ್ಬಿರುವ ಭದ್ರಾ ಅಭಯಾರಣ್ಯದಲ್ಲಿ ಒಂದು ಬೃಹತ್ ತೇಗದ ಮರವಿದೆ. ‘ಜಾಗರ ಜಯಂಟ್’ ಎಂದು ಹೆಸರಾದ ಈ ಮರದ ಸುತ್ತಳತೆ 5.1 ಮೀಟರ್; ವಯಸ್ಸು 300 ವರ್ಷಕ್ಕೂ ಹೆಚ್ಚೆಂದು ಅಂದಾಜು. ಇಂಥ ಮರಗಳೂ ಶಾಶ್ವತವಲ್ಲ. ಸವಣೂರಿನ ಪ್ರಸಿದ್ಧ ದೊಡ್ಡಹುಣಸೆ ಮರಗಳಲ್ಲಿ ಒಂದು 2023ರ ಜುಲೈ ಮಳೆಯಲ್ಲಿ ಉರುಳಿತು. ಉಕ್ರೇನಿನ ಖೋರ್ತಿತ್ಸ ಓಕ್ ಮರವು 1789ರಲ್ಲಿ ಅಲ್ಲಿ ನೆಲೆಸಿದ ಮೆನೊನೈಟ್ ಕ್ರೈಸ್ತರ ಪರಂಪರೆಯ ಕುರುಹು. ಕಳೆದ ಶತಮಾನದ ಕೊನೆಯ ಹೊತ್ತಿಗೆ ಅದು ಬಹುಪಾಲು ಒಣಗಿತು. ಕೆನಡಾಕ್ಕೆ ವಲಸೆ ಹೋದವರ ಸಂತತಿ ಅದರ ಹಳೆಯ ಚಿತ್ರಗಳನ್ನು ಜೋಪಾನ ಮಾಡಿಕೊಂಡು ಬಂದಿದೆ.

ಆದರೆ ಚಿತ್ರವು ನೆನಪಷ್ಟೇ ಆಗದೆ ಅಳತೆಯೂ ಆಗಬೇಕಾದರೆ ಏನು ಮಾಡಬೇಕು?

5.1 ಮೀಟರ್ ಸುತ್ತಳತೆಯ ಕಾಂಡದ ವ್ಯಾಸ ಸುಮಾರು 1.62 ಮೀಟರ್. 20 ಮೀಟರ್ ದೂರದಿಂದ 50 ಮಿಲಿಮೀಟರ್ ಸಂಗಮದೂರದ ಮಸೂರದಲ್ಲಿ ಅದರ ಬಿಂಬದ ಅಗಲ ಸುಮಾರು 4 ಮಿ.ಮೀ. ಸಂವೇದಕದ ಅಗಲ 36 ಮಿ.ಮೀ. ಇದ್ದು, ಆ ಅಗಲದಲ್ಲಿ 6000 ಪಿಕ್ಸೆಲ್‌ಗಳಿದ್ದರೆ, ಕಾಂಡಕ್ಕೆ ಸಿಗುವುದು 675 ಪಿಕ್ಸೆಲ್. ಅಂದರೆ ಒಂದು ಪಿಕ್ಸೆಲ್‌ಗೆ ಮರದ ಮೇಲೆ 2.4 ಮಿ.ಮೀ. ಮುಂದಿನ ಬಾರಿ ನೀವು ಅರಿವಿಲ್ಲದೆ ಒಂದು ಮೀಟರ್ ಹಿಂದೆ ನಿಂತರೆ ಬಿಂಬ 643 ಪಿಕ್ಸೆಲ್‌ಗೆ ಇಳಿಯುತ್ತದೆ. ಮರ ಸುಮಾರು 8 ಸೆಂ.ಮೀ. ಸೊರಗಿದಂತೆ ಕಾಣುತ್ತದೆ!

ಆದ್ದರಿಂದ ಕಾಂಡದ ಪಕ್ಕದಲ್ಲಿ, ಅಷ್ಟೇ ದೂರದಲ್ಲಿ, ಗುರುತು ಹಾಕಿದ ಎರಡು ಮೀಟರಿನ ಕೋಲನ್ನು ನಿಲ್ಲಿಸಿ. ಕ್ಯಾಮೆರಾ ನಿಂತ ಜಾಗಕ್ಕೆ ಒಂದು ಕಲ್ಲು ನೆಡಿ. ದಿನಾಂಕ, ದೂರ, ದಿಕ್ಕು, ಮಸೂರದ ಸಂಗಮದೂರ ಬರೆದಿಡಿ. ಅಭಯಾರಣ್ಯದೊಳಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ನಿಮ್ಮೂರಿನ ಅರಳಿಕಟ್ಟೆಯಲ್ಲೇ ಆರಂಭಿಸಬಹುದು.

ಇನ್ನು ಉಳಿಸುವ ಮಾತು. ಹಳೆಯ ಕಪ್ಪು-ಬಿಳುಪು ಚಿತ್ರವೆಂದರೆ ಜೆಲಟಿನ್ ಪದರದಲ್ಲಿರುವ ಬೆಳ್ಳಿಯ ಕಣಗಳು. ಮಲೆನಾಡಿನ ಮಳೆಗಾಲದ ಥಂಡಿಗೆ ಜೆಲಟಿನ್ ನೀರು ಹೀರಿ ಮೆತ್ತಗಾಗುತ್ತದೆ, ಬೂಷ್ಟಿಗೆ ಆಹಾರವಾಗುತ್ತದೆ. ಸಾಪೇಕ್ಷ ಆರ್ದ್ರತೆ ಶೇಕಡಾ 30ರಿಂದ 50ರೊಳಗಿದ್ದರೆ ಒಳ್ಳೆಯದು. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ನೀಲಿ ಹರಳುಗಳು ಗುಲಾಬಿಯಾದರೆ ಹದವಾಗಿ ಬಿಸಿಮಾಡಿ ಮತ್ತೆ ಬಳಸಬಹುದು. ಬಣ್ಣದ ಚಿತ್ರಗಳ ವರ್ಣದ್ರವ್ಯ ಕತ್ತಲಲ್ಲಿಟ್ಟರೂ ಮಾಸುತ್ತದೆ. ತಾಪ 5-6 ಡಿಗ್ರಿ ಇಳಿದರೆ ಆಯಸ್ಸು ಸುಮಾರು ಇಮ್ಮಡಿಯಾಗುತ್ತದೆ. ಅಂಟುಹಾಳೆಯ ಆಲ್ಬಂ ಬೇಡ.

ಸ್ಕ್ಯಾನ್ ಮಾಡುವಾಗ ಅಂಗುಲಕ್ಕೆ 600 ಬಿಂದುಗಳಿರಲಿ. ಮೂಲಪ್ರತಿ ಟಿಫ್ ರೂಪದಲ್ಲಿರಲಿ. ಜೆಪೆಗ್ ಕಡತವನ್ನು ತಿದ್ದಿ ತಿದ್ದಿ ಉಳಿಸಿದಾಗಲೆಲ್ಲ ವಿವರ ಸವೆಯುತ್ತದೆ. ಮೂರು ಪ್ರತಿಗಳನ್ನು ಮಾಡಿ, ಎರಡು ಬಗೆಯ ಮಾಧ್ಯಮದಲ್ಲಿಡಿ. ಒಂದು ಪ್ರತಿ ಬೇರೆ ಊರಿನಲ್ಲಿರಲಿ. ಸ್ಕ್ಯಾನ್ ಆಯಿತೆಂದು ಮೂಲಚಿತ್ರವನ್ನು ಎಸೆಯಬೇಡಿ.

ಮಲೆನಾಡಿನ ಎಷ್ಟೋ ಮನೆಗಳ ಅಟ್ಟದ ಪೆಟ್ಟಿಗೆಗಳಲ್ಲಿ ಮದುವೆ, ಜಾತ್ರೆಗಳ ಹಳೆಯ ಚಿತ್ರಗಳಿವೆ. ಅವುಗಳ ಹಿನ್ನೆಲೆಯಲ್ಲಿ ಈಗಿಲ್ಲದ ಒಂದು ಮರ ನಿಂತಿರಬಹುದು. ಮುಂದಿನ ಮಳೆಗಾಲಕ್ಕೆ ಮೊದಲೇ ಪೆಟ್ಟಿಗೆ ತೆರೆದು ನೋಡಿ. ಚಿತ್ರದಲ್ಲಿರುವ ಜಾಗ, ವರ್ಷಗಳನ್ನು ಮನೆಯ ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಿ.