ಓಲೆಯ ಅಕ್ಷರವೂ ಅವಾಯದ ದೋಷವೂ

ಧವಲಾ ಟೀಕೆಯ ಪ್ರಾಚೀನ ತಾಳೆಯೋಲೆ ಪ್ರತಿಗಳು ಮೂಡುಬಿದಿರೆಯಲ್ಲಿ ಹಳಗನ್ನಡ ಲಿಪಿಯಲ್ಲಿ ಉಳಿದುಬಂದುದು ವಿದ್ವಾಂಸರಿಗೆ ವಿದಿತವೇ. ಅಂತಹ ಓಲೆಯನ್ನು ಓದುವಾಗ ಪಕಾರವೋ ವಕಾರವೋ ಎಂಬ ಸಂಶಯ ಪದೇ ಪದೇ ತಲೆದೋರುತ್ತದೆ. ಕಣ್ಣು ತಂದೊಪ್ಪಿಸುವುದು ಗೀರುಗಳನ್ನು ಮಾತ್ರ. ಅವನ್ನು ಅಕ್ಷರವೆಂದು ನಿಶ್ಚಯಿಸುವುದು ಮಿದುಳು.

ತತ್ತ್ವಾರ್ಥಸೂತ್ರವು ಮತಿಜ್ಞಾನಕ್ಕೆ ಹೇಳಿದ ಕ್ರಮ ಇಲ್ಲಿ ಸ್ಫುಟವಾಗಿದೆ. ರೇಖೆಯೊಂದು ತೋರಿದುದು ಅವಗ್ರಹ. ಪಕಾರವಿರಬೇಕೆಂಬ ಒಲವು ಈಹೆ. ಪಕಾರವೇ ಎಂಬ ನಿರ್ಣಯ ಅವಾಯ. ಅದು ನೆನಪಿನಲ್ಲಿ ನಿಲ್ಲುವುದು ಧಾರಣೆ. 19ನೆಯ ಶತಮಾನದಲ್ಲಿ ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಕೂಡ ಗ್ರಹಿಕೆಯನ್ನು ಅರಿವಿಗೆ ಬಾರದ ಅನುಮಾನವೆಂದನು. ಆದರೂ ಹೋಲಿಕೆಯನ್ನು ಬಹುದೂರ ಎಳೆಯಲಾಗದು. ಚಕ್ಷುವಿಗೆ ವ್ಯಂಜನಾವಗ್ರಹವಿಲ್ಲವೆಂದು ಸೂತ್ರ ಹೇಳುತ್ತದೆ. ಶರೀರಶಾಸ್ತ್ರದ ಪ್ರಕಾರ ಬೆಳಕು ಅಕ್ಷಿಪಟಲವನ್ನು ಮುಟ್ಟಲೇಬೇಕು.

ಮಿದುಳು ಪರಿಚಿತ ಪದವನ್ನು ಮುಂದಾಗಿಯೇ ಊಹಿಸಿ ಕೊರತೆಯನ್ನು ತುಂಬಿಕೊಳ್ಳುತ್ತದೆ. ಹುಳು ತಿಂದ ಓಲೆಯನ್ನು ಓದಲಾಗುವುದು ಈ ಶಕ್ತಿಯಿಂದಲೇ. ಆದರೆ ಅಪರೂಪದ ಪಾಠವನ್ನು ಸರಿಸಿ ರೂಢಿಯ ಪದವನ್ನು ಕೂರಿಸುವುದೂ ಅದೇ. ಗಾಥೆ ಕಂಠಸ್ಥವಾಗಿರುವ ಪಂಡಿತನಿಗಂತೂ ಈ ಅಪಾಯ ಹೆಚ್ಚು. ಆದ್ದರಿಂದ ಸಂದಿಗ್ಧ ಸ್ಥಳವನ್ನು ಪ್ರಾಕೃತವರಿಯದ, ಲಿಪಿಯನ್ನಷ್ಟೇ ಬಲ್ಲವನೊಬ್ಬನಿಂದ ಬಿಡಿಬಿಡಿಯಾಗಿ ಓದಿಸಿ, ಅನಂತರ ಅರ್ಥಕ್ಕೆ ಕೈಹಾಕುವುದು ಮೇಲು. ತಿದ್ದಿದ ಪಾಠದ ಅಡಿಯಲ್ಲಿ ಓಲೆಯ ಮೂಲರೂಪವನ್ನೂ ಮುದ್ರಿಸತಕ್ಕದ್ದು.