ಕಾಲು ಉಳುಕಿದೆಯಾ? ನೋವು ಹೋಯ್ತು ಅಂದ್ರೆ ವಾಸಿ ಆಯ್ತು ಅಂತಲ್ಲ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಮೊದಲೇ ಹೇಳಿಬಿಡ್ತೀನಿ, ನಾನು ಬಿ.ಕಾಂ ಓದಿದವನು, ಡಾಕ್ಟರ್ ಅಲ್ಲ. ಆದ್ರೆ ಒಂದೇ ಕಾಲನ್ನ ಎರಡು ವಾರದೊಳಗೆ ಎರಡು ಸಲ ಉಳುಕಿಸಿಕೊಂಡವನು. ಮೊದಲನೇದು ಆಕಸ್ಮಿಕ. ಎರಡನೇದು ಪೂರ್ತಿ ನನ್ನದೇ ತಪ್ಪು. ಆ ತಪ್ಪು ನೀವು ಮಾಡಬಾರದು ಅಂತ ಈ ಎಪಿಸೋಡ್.

ಆಗಿದ್ದಿಷ್ಟು. ಭಾನುವಾರ ಶಟಲ್ ಆಡುವಾಗ ಸ್ಮ್ಯಾಶ್ ಹೊಡೆಯೋಕೆ ಹಾರಿದೆ, ಇಳಿಯುವಾಗ ಬಲಪಾದ ಒಳಕ್ಕೆ ಮಡಚಿಕೊಂಡಿತು. ಸಂಜೆಗೆ ಹರಡಿನ ಪಕ್ಕ ನಿಂಬೆಹಣ್ಣಿನಷ್ಟು ಊತ. ಮನೇಲಿ ಅಜ್ಜಿ, "ಬಾರೋ ಮಗಾ, ಹರಳೆಣ್ಣೆ ಬಿಸಿ ಮಾಡಿದೀನಿ, ಚೆನ್ನಾಗಿ ತಿಕ್ಕಿದ್ರೆ ಉಳುಕು ಬಿಡುತ್ತೆ" ಅಂದ್ರು. ತಿಕ್ಕಿದ್ದೂ ಆಯ್ತು. ಬೆಳಿಗ್ಗೆ ನೋಡಿದ್ರೆ ಚಪ್ಪಲಿ ಕೂಡ ಹಿಡಿಸ್ತಿಲ್ಲ. ಹತ್ತು ದಿನ ಹಾಸಿಗೆ ಮೇಲೆ ಫೋನ್ ನೋಡ್ತಾ ಬಿದ್ದಿದ್ದೆ. ನೋವು ಹೋಯ್ತು, ನೇರ ಕೋರ್ಟಿಗೆ ಹೋದೆ. ಎರಡನೇ ಗೇಮ್‌ನಲ್ಲೇ ಮತ್ತೆ ಅದೇ ಕಾಲು. ಈ ಸಲ ಒಂದೂವರೆ ತಿಂಗಳು. ಒಪ್ಪಿಕೊಂಡಿದ್ದ ಎರಡು ರೆಕಾರ್ಡಿಂಗ್ ಕೆಲಸ ಕೈತಪ್ಪಿದವು, ಆ ತಿಂಗಳ ಬಾಡಿಗೆಗೆ ಅಪ್ಪನ ಹತ್ರ ಕೈ ಚಾಚಬೇಕಾಯ್ತು.

ಆಗ ಫಿಸಿಯೋಥೆರಪಿಸ್ಟ್ ಒಬ್ಬರು ಹೇಳಿದ ಮಾತು ಇವತ್ತಿಗೂ ನೆನಪಿದೆ: "ನಿಮಗೆ ನೋವು ಹೋಗಿತ್ತು, ಬಲ ಬಂದಿರಲಿಲ್ಲ."

ಒಳಗೆ ಏನಾಗಿರುತ್ತೆ?

ಮೂಳೆಯನ್ನ ಮೂಳೆಗೆ ಕಟ್ಟಿಹಾಕೋ ಗಟ್ಟಿ ನಾರಿನ ಪಟ್ಟಿಗೆ ಲಿಗಮೆಂಟ್ ಅಂತಾರೆ. ಪಾದ ಒಳಕ್ಕೆ ಮಡಚಿದಾಗ ಹರಡಿನ ಹೊರಬದಿಯ ಲಿಗಮೆಂಟ್ ಎಳೆದುಹೋಗುತ್ತೆ, ಇಲ್ಲವೇ ಹರಿಯುತ್ತೆ. ಬರೀ ಎಳೆದಿದ್ರೆ ಒಂದೆರಡು ವಾರದಲ್ಲಿ ಆರಾಮಾಗಿ ನಡೀಬಹುದು. ಪೂರ್ತಿ ಹರಿದಿದ್ರೆ ತಿಂಗಳುಗಳೇ ಬೇಕು. ಊತ, ನೋವು ಮೊದಲು ಇಳಿಯುತ್ತವೆ. ಹೊಸ ನಾರು ಗಟ್ಟಿಯಾಗೋದು ಆಮೇಲೂ ತಿಂಗಳುಗಟ್ಟಲೆ ನಡೀತಾ ಇರುತ್ತೆ. ನಮ್ಮ ಕಾಮರ್ಸ್ ಭಾಷೆಯಲ್ಲಿ ಹೇಳೋದಾದ್ರೆ, ಬ್ಯಾಂಕಿನವರು ಫೋನ್ ಮಾಡೋದು ನಿಲ್ಲಿಸಿದ್ದಾರೆ ಅಷ್ಟೇ, ಸಾಲ ಇನ್ನೂ ತೀರಿಲ್ಲ.

ಎಕ್ಸ್‌ರೇ ಬೇಕಾ?

ಎಲ್ಲ ಉಳುಕಿಗೂ ಬೇಡ. ಕೆನಡಾದ ಒಟ್ಟಾವಾದಲ್ಲಿ ಇಯಾನ್ ಸ್ಟೀಲ್ ಅನ್ನೋ ವೈದ್ಯರು ಮತ್ತು ಅವರ ತಂಡ 1992ರಲ್ಲಿ ಇದಕ್ಕೊಂದು ಸರಳ ನಿಯಮ ಕೊಟ್ಟರು. ಪೆಟ್ಟು ಬಿದ್ದ ತಕ್ಷಣವೂ, ಆಸ್ಪತ್ರೆಯಲ್ಲೂ ನಾಲ್ಕು ಹೆಜ್ಜೆ ಇಡೋಕೆ ಆಗ್ತಿಲ್ವಾ? ಹರಡಿನ ಎರಡು ಬದಿ ಉಬ್ಬಿರೋ ಮೂಳೆಯ ತುದಿ ಅಥವಾ ಹಿಂದಿನ ಅಂಚು ಒತ್ತಿದ್ರೆ ನೋವಾ? ಪಾದದ ಮಧ್ಯದಲ್ಲಿ, ಕಿರುಬೆರಳಿನ ಸಾಲಿನ ಮೂಳೆಯ ಬುಡ ಅಥವಾ ಒಳಬದಿಯ ಮೂಳೆ ಒತ್ತಿದ್ರೆ ನೋವಾ? ಇದರಲ್ಲಿ ಒಂದಕ್ಕೆ 'ಹೌದು' ಅಂದ್ರೂ ಎಕ್ಸ್‌ರೇ ತೆಗೆಸಿ. ಕಾಲು ಸೊಟ್ಟಗಾಗಿದ್ರೆ, ಬೆರಳು ಜೋಮು ಹಿಡಿದು ತಣ್ಣಗಾಗಿದ್ರೆ ಕಾಯಲೇಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಮೊದಲ ಎರಡು ಮೂರು ದಿನ

ಆಟ ನಿಲ್ಲಿಸಿ. ಕ್ರೇಪ್ ಬ್ಯಾಂಡೇಜ್ ಸುತ್ತಿ, ಬೆರಳು ನೀಲಿಯಾಗುವಷ್ಟು ಬಿಗಿ ಬೇಡ. ಮಲಗಿದಾಗ ಕಾಲ ಕೆಳಗೆ ದಿಂಬು ಇಡಿ. ಇದನ್ನ ನಮ್ಮಜ್ಜಿನೂ ಹೇಳಿದ್ರು, ಅದರಲ್ಲಿ ಅವರು ನೂರಕ್ಕೆ ನೂರು ಸರಿ. ಆದ್ರೆ ಬಿಸಿ ಶಾಖ, ಜೋರಾಗಿ ತಿಕ್ಕೋದು, ಮದ್ಯ ಈ ದಿನಗಳಲ್ಲಿ ಬೇಡ. ಒಳಗಿನ ರಕ್ತಸ್ರಾವ ಮತ್ತು ಊತ ಹೆಚ್ಚಬಹುದು.

ಐಸ್ ವಿಚಾರ ಸ್ವಾರಸ್ಯವಾಗಿದೆ. ವಿಶ್ರಾಂತಿ, ಐಸ್, ಬ್ಯಾಂಡೇಜ್, ಕಾಲು ಎತ್ತರ, ಈ ನಾಲ್ಕನ್ನ ಸೇರಿಸಿ 'ರೈಸ್' ಅನ್ನೋ ಸೂತ್ರ ಮಾಡಿದ್ದು ಅಮೆರಿಕದ ವೈದ್ಯ ಗೇಬ್ ಮಿರ್ಕಿನ್, 1978ರಲ್ಲಿ. 2014ರ ಹೊತ್ತಿಗೆ ಅವರೇ, ಐಸ್ ಮತ್ತು ಪೂರ್ತಿ ವಿಶ್ರಾಂತಿ ವಾಸಿಯಾಗೋದನ್ನ ನಿಧಾನ ಮಾಡಬಹುದು ಅಂತ ಬರೆದರು. ಹಾಗಾಗಿ ನೋವು ತಡೆಯೋಕಾಗದಿದ್ರೆ ಬಟ್ಟೆಯಲ್ಲಿ ಸುತ್ತಿ ಹತ್ತು ಹದಿನೈದು ನಿಮಿಷ ಇಡಿ, ಇಲ್ಲದಿದ್ರೆ ಬಿಡಿ.

ಆಮೇಲೆ ಕಾಲಿಗೆ ಕೆಲಸ ಕೊಡಿ

ನಾನು ಎಡವಿದ್ದೇ ಇಲ್ಲಿ. ವಿಶ್ರಾಂತಿ ಅಂದ್ರೆ ಹಾಸಿಗೆ ಅಂದುಕೊಂಡೆ. ಮಲಗಿದಷ್ಟೂ ಮೀನಖಂಡ ಸೊರಗುತ್ತೆ, ಕೀಲು ಬಿಗಿಯಾಗುತ್ತೆ. ನೋವು ಸಹಿಸೋ ಮಟ್ಟಕ್ಕೆ ಬಂದ ಮೇಲೆ, ಮೂಳೆ ಮುರಿದಿಲ್ಲ ಅಂತ ಖಾತ್ರಿ ಇದ್ರೆ, ಮೆಲ್ಲಗೆ ಶುರು ಮಾಡಿ.

ಕೂತಲ್ಲೇ ಹೆಬ್ಬೆರಳಿಂದ ಗಾಳಿಯಲ್ಲಿ ಅ, ಆ, ಇ, ಈ ಬರೀರಿ. 'ಋ' ಬರೆಯುವಾಗ ಹರಡು ಎಲ್ಲ ದಿಕ್ಕಿಗೂ ತಿರುಗುತ್ತೆ! ಆಮೇಲೆ ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸೋದು. ಕೊನೆಗೆ, ಹಲ್ಲುಜ್ಜುವಾಗ ಉಳುಕಿದ ಕಾಲಿನ ಮೇಲೆ ಮೂವತ್ತು ಸೆಕೆಂಡ್ ನಿಲ್ಲೋದು. ಇದೇ ಮುಖ್ಯ. ಪಾದ ಈಗ ಯಾವ ಕೋನದಲ್ಲಿದೆ ಅಂತ ಮೆದುಳಿಗೆ ಸುದ್ದಿ ಮುಟ್ಟಿಸೋ ನರತುದಿಗಳು ಲಿಗಮೆಂಟ್‌ನಲ್ಲೂ ಇವೆ. ಉಳುಕಿದಾಗ ಆ ಸುದ್ದಿ ತಡವಾಗುತ್ತೆ. ಮತ್ತೆ ಮತ್ತೆ ಉಳುಕೋಕೆ ಇದೂ ಒಂದು ಕಾರಣ. ಒಂಟಿಕಾಲಲ್ಲಿ ನಿಂತು ಅದನ್ನ ಹೊಸದಾಗಿ ಕಲಿಸಬೇಕು.

ಎಷ್ಟು ಮಾಡಬೇಕು? ಮಾಡುವಾಗ ಸಣ್ಣ ನೋವು ಪರವಾಗಿಲ್ಲ. ಮರುದಿನ ಬೆಳಿಗ್ಗೆ ನೋವು, ಊತ ಜಾಸ್ತಿಯಾಗಿದ್ರೆ ಹಿಂದಿನ ದಿನ ಅತಿಯಾಯ್ತು ಅಂತರ್ಥ.

ಮತ್ತೆ ಆಡೋದು ಯಾವಾಗ?

ಕ್ಯಾಲೆಂಡರ್ ನೋಡಬೇಡಿ, ಕಾಲನ್ನ ಕೇಳಿ. ಒಂಟಿಕಾಲಲ್ಲಿ ಇನ್ನೊಂದು ಕಾಲಿನಷ್ಟೇ ಹೊತ್ತು ನಿಲ್ಲೋಕೆ ಆಗುತ್ತಾ? ಅದೇ ಕಾಲಲ್ಲಿ ಕುಪ್ಪಳಿಸಿದ್ರೆ ಹೆದರಿಕೆ ಆಗಲ್ವಾ? ಓಡ್ತಾ ಓಡ್ತಾ ಸರಕ್ಕನೆ ದಿಕ್ಕು ಬದಲಿಸಬಹುದಾ? ಮೂರಕ್ಕೂ 'ಹೌದು' ಬಂದ್ರೆ ಬ್ಯಾಟ್ ಕೈಗೆತ್ತಿಕೊಳ್ಳಿ.

ನಾನು ಈಗ ಮತ್ತೆ ಆಡ್ತಿದ್ದೀನಿ. ದಿನಾ ಬೆಳಿಗ್ಗೆ ಒಂಟಿಕಾಲಲ್ಲಿ ನಿಂತು ಹಲ್ಲುಜ್ಜೋದು ನೋಡಿ ಅಜ್ಜಿ, "ಇದೇನೋ ಕೊಕ್ಕರೆ ಥರ" ಅಂತ ನಗ್ತಾರೆ. ನಗಲಿ ಬಿಡಿ. ನಿಮ್ಮ ಗೆಳೆಯರಲ್ಲಿ ಯಾರಾದ್ರೂ ಕಾಲು ಉಳುಕಿಸಿಕೊಂಡು, "ನೋವಿಲ್ಲ ಮಗಾ, ಈ ವಾರ ಬರ್ತೀನಿ" ಅಂತಿದ್ರೆ ಇದನ್ನ ಅವರಿಗೆ ಕಳಿಸಿ. ಮುಂದಿನ ವಾರ ಸಿಗೋಣ.