ಬೆಟ್ಟದ ನಾಡಿನ ಬದುಕು ಬೆಳ್ಳಿತೆರೆಯ ಮೇಲೆ

ಸಿನಿಮಾ ಎಂದೊಡನೆ ನಮ್ಮ ಮನೆಗಳಲ್ಲಿ ಹಿರಿಯರು ಹುಬ್ಬು ಗಂಟಿಕ್ಕುವುದೂ ಕಿರಿಯರ ಮುಖ ಅರಳುವುದೂ ಹೊಸತಲ್ಲ. ಕಾಲಹರಣದ ಸಾಧನವೆಂದು ಒಬ್ಬರು ಜರೆದರೆ, ದುಡಿದು ದಣಿದ ಜೀವಕ್ಕೆ ಒಂದಿಷ್ಟು ಬಿಡುವು ಎಂದು ಇನ್ನೊಬ್ಬರು ಸಮರ್ಥಿಸುತ್ತಾರೆ. ಆದರೆ ಚಿತ್ರವನ್ನು ಮಾಡುವವರಿಗೂ ನೋಡುವವರಿಗೂ ಅದು ನಿಜವಾಗಿ ಏನಾಗಿದೆ ಎಂಬುದನ್ನು ಅರಿಯಲು ವಾದಕ್ಕಿಂತ ಉದಾಹರಣೆಯೇ ಮೇಲು. ಅಂಥ ಉದಾಹರಣೆಗಳು ಸುಳ್ಯ ತಾಲ್ಲೂಕಿನ ಮರ್ಕಂಜದಂಥ ಹಳ್ಳಿಗಳ ಸುತ್ತಮುತ್ತಲೇ ದೊರೆಯುತ್ತವೆ.

ಅಡಿಕೆ ತೋಟ, ಗುಡ್ಡ, ಕಾಡುಗಳಿಂದ ತುಂಬಿದ ಈ ಪುತ್ತೂರು–ಸುಳ್ಯ ಸೀಮೆ ಚಿತ್ರೋದ್ಯಮದ ಕೇಂದ್ರವಾಗಿರಲಿಲ್ಲ. ಆದರೂ ಕನ್ನಡ ಚಿತ್ರಲೋಕಕ್ಕೆ ಇಲ್ಲಿಂದ ಸಂದ ಕಾಣಿಕೆ ಸಣ್ಣದಲ್ಲ. ಪುತ್ತೂರಿನಲ್ಲಿ ಬಹುಕಾಲ ನೆಲೆಸಿದ್ದ ಡಾ. ಶಿವರಾಮ ಕಾರಂತರು 1930ರ ಆಸುಪಾಸಿನಲ್ಲಿಯೇ ‘ಡೊಮಿಂಗೊ’, ‘ಭೂತರಾಜ್ಯ’ ಎಂಬ ಮೂಕಿಚಿತ್ರಗಳನ್ನು ತಯಾರಿಸಿದ್ದರು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ತೆರೆ ಕಂಡದ್ದು 1934ರಲ್ಲಿ ಎಂಬುದನ್ನು ನೆನೆದರೆ ಅವರ ಸಾಹಸದ ಅಳತೆ ತಿಳಿದೀತು. ಚಿತ್ರದ ಹಂಬಲ ಅವರನ್ನು ಕೊನೆಗೂ ಬಿಡಲಿಲ್ಲ. ಎಪ್ಪತ್ತೈದರ ಆಸುಪಾಸಿನ ವಯಸ್ಸಿನಲ್ಲಿ, ಜ್ಞಾನಪೀಠ ಪ್ರಶಸ್ತಿಯ ಗೌರವ ದೊರೆತ ಮೇಲೂ, ಪಶ್ಚಿಮಘಟ್ಟದ ಕುಡಿಯರ ಬಾಳನ್ನು ಕುರಿತ ತಮ್ಮ ‘ಕುಡಿಯರ ಕೂಸು’ ಕಾದಂಬರಿಯನ್ನು ತಾವೇ ನಿರ್ದೇಶಿಸಿ ‘ಮಲೆಯ ಮಕ್ಕಳು’ ಎಂಬ ಚಿತ್ರವಾಗಿಸಿದರು. ಕೀರ್ತಿಗಾಗಿ ಅವರಿಗೆ ಈ ಶ್ರಮ ಬೇಕಿರಲಿಲ್ಲ. ಅಕ್ಷರ ಬಾರದವನ ಬಳಿಗೂ ಕಥೆಯನ್ನು ಒಯ್ಯಬಲ್ಲ ಸಾಧನ ಚಿತ್ರವೊಂದೇ ಎಂದು ಬಗೆದವರಿಗೆ ಮಾತ್ರ ಅಂಥ ಶ್ರಮ ಹಿತವೆನಿಸೀತು.

ಅವರದೇ ‘ಚೋಮನ ದುಡಿ’ ಕಾದಂಬರಿಯನ್ನು 1975ರಲ್ಲಿ ತೆರೆಗೆ ತಂದವರು ಬಂಟ್ವಾಳ ತಾಲ್ಲೂಕಿನ ಮಂಚಿಯಲ್ಲಿ ಹುಟ್ಟಿದ ಬಿ.ವಿ. ಕಾರಂತರು. ಜೀತದಾಳು ಚೋಮನಿಗೆ ಇದ್ದುದು ಒಂದೇ ಆಸೆ: ತಾನೂ ಒಂದು ತುಂಡು ಭೂಮಿಯ ಬೇಸಾಯಗಾರನಾಗಬೇಕು. ಎತ್ತುಗಳಿದ್ದವು, ತೋಳಿನಲ್ಲಿ ಬಲವಿತ್ತು. ಹುಟ್ಟಿನ ಹೆಸರಿನಲ್ಲಿ ಸಮಾಜ ಅದನ್ನು ನಿರಾಕರಿಸಿತು. ಚೋಮನಾಗಿ ನಟಿಸಿದ ಎಂ.ವಿ. ವಾಸುದೇವ ರಾಯರಿಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಸಂದಿತು; ಚಿತ್ರಕ್ಕೆ ಸ್ವರ್ಣಕಮಲ ದೊರೆಯಿತು. ಎಸ್. ರಾಮಚಂದ್ರರ ಕಪ್ಪು ಬಿಳುಪಿನ ಛಾಯಾಗ್ರಹಣ, ಬೆಳ್ಳಿಯ ಪಾತ್ರದ ಪದ್ಮಾ ಕುಮಟಾ, ದೀಪ ಹಿಡಿದವರು, ಬಣ್ಣ ಹಚ್ಚಿದವರು ಹೀಗೆ ಹತ್ತಾರು ಕೈಗಳು ಕೂಡಿದಾಗ ಒಂದು ಚಿತ್ರ ಆಗುತ್ತದೆ. ಹೆಸರು ಬಂದವರು ಕೆಲವರು, ಬೆವರಿಳಿಸಿದವರು ಹಲವರು. ಮಾಡುವವರ ಪಾಲಿಗೆ ಅದು ಮೊದಲು ಕಾಯಕ, ಆಮೇಲೆ ಕಲೆ.

ಇನ್ನು ನೋಡುವವರ ಪಾಲೇನು? ಇದೇ ಚಿತ್ರದಲ್ಲಿ ಚೋಮನ ಮಗನೊಬ್ಬ ನೀರಿನಲ್ಲಿ ಮುಳುಗುತ್ತಾನೆ. ಅಸ್ಪೃಶ್ಯನ ಮಗನೆಂಬ ಕಾರಣಕ್ಕೆ ಅವನನ್ನು ಮೇಲೆತ್ತಲು ಯಾರೂ ಮುಂದಾಗುವುದಿಲ್ಲ. ಅವರೂ ಒಂದು ಬಗೆಯ ಪ್ರೇಕ್ಷಕರೇ! ಕತ್ತಲೆಯಲ್ಲಿ ಕುಳಿತ ನಾವೂ ಅದನ್ನೇ ನೋಡುತ್ತಿರುತ್ತೇವೆ. ತೆರೆಯ ಮೇಲಿನ ಮಗುವಿಗಾಗಿ ಕಣ್ಣೀರು ಮಿಡಿದು, ಮರುದಿನ ನಮ್ಮ ಅಂಗಳಕ್ಕೆ ಬಂದ ಕೂಲಿಯಾಳಿಗೆ ಬೇರೆ ಲೋಟವನ್ನು ತೆಗೆದಿರಿಸಿದರೆ, ನಾವು ನೋಡಿದುದಾದರೂ ಏನನ್ನು? ಮನುಷ್ಯರೆಲ್ಲ ಸಮಾನರೆಂದು ಸಾರಿದ ಶರಣರ ಹೆಸರು ಹೇಳುವ ಮನೆತನಗಳು ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳುವಂತಿಲ್ಲ.

ಇನ್ನೊಂದು ಚಿತ್ರ ಈ ಸೀಮೆಯ ಮನೆಯೊಳಕ್ಕೇ ಬರುತ್ತದೆ. ಸುಬ್ರಹ್ಮಣ್ಯದ ಸುತ್ತಲ ಕಾಡಿನ ಹಿನ್ನೆಲೆಯಲ್ಲಿ ಕಾರಂತರು ಬರೆದ ‘ಬೆಟ್ಟದ ಜೀವ’ವನ್ನು ಪಿ. ಶೇಷಾದ್ರಿಯವರು ಚಿತ್ರವಾಗಿಸಿದರು. 2010ರ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ಪರಿಸರ ಸಂರಕ್ಷಣೆಯನ್ನು ಕುರಿತ ಶ್ರೇಷ್ಠ ಚಿತ್ರವೆಂಬ ಮನ್ನಣೆ ಅದಕ್ಕೆ ಸಂದಿತು. ಕಾಡು ಕಡಿದು ತೋಟ ಕಟ್ಟಿದ ಗೋಪಾಲಯ್ಯನಾಗಿ ದತ್ತಣ್ಣ, ಪತ್ನಿ ಶಂಕರಮ್ಮನಾಗಿ ರಾಮೇಶ್ವರಿ ವರ್ಮ ಅಭಿನಯಿಸಿದ್ದಾರೆ. ಬಂದ ಅತಿಥಿಯನ್ನು ಮಗನಂತೆ ಉಪಚರಿಸುವ ಈ ದಂಪತಿಯ ಎದೆಯಲ್ಲಿ, ಮನೆ ಬಿಟ್ಟುಹೋದ ಸ್ವಂತ ಮಗನ ನೋವು ಹುದುಗಿದೆ. ಪಟ್ಟಣದ ಪ್ರೇಕ್ಷಕನಿಗೆ ಅದು ಚೆಲುವಾದ ಬೆಟ್ಟಗಳ ಕಥೆಯಾಗಿ ತೋರಬಹುದು. ಮರ್ಕಂಜದ ಕಡೆಯ ತೋಟದ ಮನೆಯಲ್ಲಿ, ಬೆಂಗಳೂರಿನಲ್ಲಿರುವ ಮಗನ ದೂರವಾಣಿ ಕರೆಗೆ ಕಾದಿರುವ ವೃದ್ಧ ತಂದೆತಾಯಿಗಳಿಗೆ ಅದು ತಮ್ಮದೇ ಕಥೆ. ತೋಟವನ್ನು ಬೆಳೆಸಿದವರು ಇದ್ದಾರೆ, ಮುಂದೆ ನೋಡಿಕೊಳ್ಳುವವರು ಯಾರು? ಚಿತ್ರ ಇದಕ್ಕೆ ಉತ್ತರ ಹೇಳುವುದಿಲ್ಲ. ಆದರೆ ಬಾಯಿಬಿಟ್ಟು ಹೇಳಲಾರದ ಹಿರಿಯರ ದುಃಖಕ್ಕೆ ಅದು ಒಂದು ಮುಖವನ್ನು ಕೊಟ್ಟಿದೆ.

ಇಂದು ಚಿತ್ರ ನೋಡಲು ಪೇಟೆಗೆ ಹೋಗಬೇಕಾಗಿಲ್ಲ. ಅಂಗೈಯೊಳಗಿನ ಮೊಬೈಲಿನಲ್ಲಿಯೇ ಅದು ಬಂದು ಕುಳಿತಿದೆ. ಒಂದೇ ಸೂರಿನಡಿ ನಾಲ್ವರು ನಾಲ್ಕು ಮೂಲೆಗಳಲ್ಲಿ ನಾಲ್ಕು ಚಿತ್ರ ನೋಡುವ ಕಾಲವಿದು. ಅನುಕೂಲ ಹೆಚ್ಚಿತು, ಒಟ್ಟಿಗೆ ಕುಳಿತು ಮರುಗುವ, ನಗುವ, ಆಮೇಲೆ ಊಟದ ಹೊತ್ತಿನಲ್ಲಿ ಅದನ್ನೇ ಚರ್ಚಿಸುವ ಸುಖ ಕಡಿಮೆಯಾಯಿತು. ಚಿತ್ರದ ಅರ್ಥ ಅರ್ಧ ತೆರೆಯ ಮೇಲಿದ್ದರೆ ಇನ್ನರ್ಧ ಆ ಮಾತುಕತೆಯಲ್ಲಿದೆ.

ಆದುದರಿಂದ ತಾಯಂದಿರೂ ತಂದೆಯರೂ ತಿಂಗಳಿಗೊಮ್ಮೆಯಾದರೂ ಒಂದು ಒಳ್ಳೆಯ ಚಿತ್ರವನ್ನು ಆರಿಸಿ, ಮಕ್ಕಳನ್ನೂ ಅಜ್ಜ ಅಜ್ಜಿಯರನ್ನೂ ಕೂಡಿಸಿಕೊಂಡು ನೋಡಲಿ. ಮುಗಿದ ಮೇಲೆ ‘ನೀನು ಅಲ್ಲಿದ್ದಿದ್ದರೆ ಏನು ಮಾಡುತ್ತಿದ್ದೆ?’ ಎಂದು ಮಕ್ಕಳನ್ನು ಕೇಳಲಿ. ಮಕ್ಕಳು ಅದನ್ನೇ ತಿರುಗಿಸಿ ಕೇಳಿದಾಗ ಉತ್ತರಿಸಲು ತಾವೂ ಸಿದ್ಧರಾಗಿರಲಿ.